ಮಗಳು ಹೇಳುವವರೆಗೆ ಕೊಳದ ನೀರು ಬಿಡುವುದಿಲ್ಲ

ಪುಟ್ಟೀ,

ಕೆಲಸಕ್ಕೆ ಬೇಗ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿ. ಬೆಕ್ಕಿಗೆ ಹಾಕಿ ನನಗೆ ಸುಳ್ಳು ಹೇಳಬೇಡ.

ಹತ್ತು ಗಂಟೆಗೆ ನೀರು ಪರೀಕ್ಷೆ ಮಾಡುವ ನಿನ್ನ ಹನಿ ಬಾಟಲಿ ತೆಗೆದುಕೊಂಡು ಈಜುಕೊಳಕ್ಕೆ ಬಾ. ಇವತ್ತು ಕೊಳ ಖಾಲಿ ಮಾಡಬೇಕಂತೆ.

ಹೋದ ವರ್ಷ ನಾನು ಮೂಸಿ ನೋಡಿ, ಕ್ಲೋರಿನ್ ಹೋಗಿದೆ ಎಂದು ನೀರು ಬಿಟ್ಟೆ. ಅದು ಹರಿದು ಕೊಳದ ಪಕ್ಕದ ಮನೆ ಟೀಚರಮ್ಮನ ಹುಲ್ಲುಹಾಸು ವಾರದಲ್ಲೇ ಸುಟ್ಟುಹೋಯಿತು, ಗುಲಾಬಿ ಗಿಡ ಬೋಳಾಯಿತು. ಬಿಸಿಲಿಗೆ ಒಣಗಿದ್ದು ಎಂದು ಅವರ ಮೇಲೇ ರೇಗಾಡಿದೆ. "ಅಪ್ಪಾ, ಇಪ್ಪತ್ತು ವರ್ಷ ಕ್ಲೋರಿನ್ ಕುಡಿದ ಮೂಗು ಅದು, ಯಾವತ್ತೋ ರಿಟೈರ್ ಆಗಿದೆ" ಅಂದೆ ನೀನು. ನಿನಗೂ ಬೈದೆ. ನೀನು ಹೇಳಿದ್ದೇ ಸರಿ.

ಈ ಸಲ ನಿನ್ನ ಮಾತಿನಂತೆ ಹತ್ತು ದಿನದಿಂದ ಕ್ಲೋರಿನ್ ಹಾಕದೆ ನೀರನ್ನು ಬಿಸಿಲಿಗೆ ಬಿಟ್ಟಿದ್ದೇನೆ. ನಿನ್ನೆ ಮ್ಯಾನೇಜರು, "ಇನ್ನೆಷ್ಟು ದಿನ ಕಾಯೋದು? ತಿರುಗಿಸಿ ವಾಲ್ವ್" ಎಂದು ಕೂಗಾಡಿದ. "ನನ್ನ ಮಗಳು ನೋಡಿ ಹೇಳೋವರೆಗೂ ಮುಟ್ಟಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ" ಎಂದೆ. ಹೇಳುವಾಗ ಎದೆ ಉಬ್ಬಿತ್ತು ಕಣಮ್ಮಾ.

ಟೀಚರಮ್ಮನ ಮನೆಗೂ ಹೋಗಿ ತಪ್ಪು ನನ್ನದೇ ಎಂದು ಒಪ್ಪಿಕೊಂಡು ಬಂದೆ. "ಈ ಸಲಾನೂ ನಿಮ್ಮ ಮೂಗನ್ನೇ ನಂಬಬೇಕಾ?" ಎಂದರು. "ಮೂಗು ಬೇಡ, ನನ್ನ ಮಗಳನ್ನ ನಂಬಿ" ಎಂದೆ. ನೋಡಲು ಅವರೂ ಬೇಲಿ ಹತ್ತಿರ ಬರುತ್ತಾರೆ.

ಹನಿ ಹಾಕಿದ ಮೇಲೆ ಗ್ಲಾಸಿನ ನೀರು ಒಂಚೂರು ಹಳದಿಯಾದರೂ ಸಾಕು, ಕ್ಲೋರಿನ್ ಇದೆ, ಬಿಡಬೇಡಿ ಎಂದು ಎಲ್ಲರೆದುರೇ ಗಟ್ಟಿಯಾಗಿ ಹೇಳು. ಮ್ಯಾನೇಜರನ್ನು ನಾನು ನೋಡಿಕೊಳ್ಳುತ್ತೇನೆ.

ಅಪ್ಪ