ಫಿರಂಗಿಯ ಕಣ್ಣಿಗೆ ಕುಂಕುಮ ಹಚ್ಚಿದವರು ಯಾರು?

ಮಾನ್ಯರೇ,

ರಫ್ತು ಫಿರಂಗಿ ವಿಭಾಗದ ಮುಖ್ಯಾಧಿಕಾರಿಗಳಾದ ತಮಗೆ ಡೊಂಬಿವಲಿಯಿಂದ ನಮಸ್ಕಾರ. ಇಂದು ಏಕಾದಶಿ, ನನಗೆ ಉಪವಾಸ. ನಲ್ಲಿ ನಿಲ್ಲುವ ಮುಂಚೆ ನೀರು ತುಂಬಿಸಿ, ಹೊಸ್ತಿಲಿಗೆ ರಂಗೋಲಿ ಎಳೆದು, ದೇವರ ಪಾತ್ರೆ ತೊಳೆದಿಟ್ಟು ಬರೆಯಲು ಕುಳಿತಿದ್ದೇನೆ. ತಾವು ಸಹಿ ಮಾಡಿದ ತನಿಖಾ ವರದಿ ಸುಳ್ಳು. ದಸರೆಯ ದಿನ ಕಾರ್ಖಾನೆಯ ಕೆಲಸಗಾರ ಭುಜಂಗನ ಬಲಗೈ ಹೋದದ್ದು ಅವನ ಗೆಳೆಯ, ನನ್ನ ಗಂಡ, ಫಿಟ್ಟರ್ ತಾರಾನಾಥರ ‘ಮೂಢನಂಬಿಕೆ ಮತ್ತು ನಿರ್ಲಕ್ಷ್ಯ’ದಿಂದ ಎಂದು ಅದರಲ್ಲಿದೆ. ಯಂತ್ರದ ಕಣ್ಣಿಗೆ ಕುಂಕುಮ ಮೆತ್ತಿದವರು ಅವರಲ್ಲ, ತಾವು. ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ನಾನು.

ಈ ಪತ್ರವನ್ನು ಓದುವ ಇತರರಿಗೂ ತಿಳಿಯಲಿ. ಠಾಣೆ ಪಟ್ಟಣದ ತಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಟ್ಯಾಂಕಿನಂತೆ ತಾನೇ ಓಡಾಡುವ ಫಿರಂಗಿ. ಅದರ ಹೊಟ್ಟೆಯೊಳಗೆ ಗುಂಡು ತುಂಬುವ ಕಬ್ಬಿಣದ ತೋಳೊಂದಿದೆ. ಮನುಷ್ಯನ ಕೈ ಅಡ್ಡ ಬಂದರೆ ತೋಳು ನಿಲ್ಲಲೆಂದು ಗಾಜಿನ ಕಣ್ಣೊಂದನ್ನು ಕೂರಿಸಿದ್ದಾರೆ. ಆ ಕಣ್ಣಿಗೆ ಏನಾದರೂ ಮೆತ್ತಿಕೊಂಡರೂ ತೋಳು ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ. ಎದುರಿಗೆ ಯಾರೂ ಇಲ್ಲವೆಂದು ತಿಳಿದು ನುಗ್ಗುತ್ತದೆ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸು ಮುಗಿಸಿದ ನನಗೆ ಅರ್ಥವಾದದ್ದು, ಗೋಡೆ ತುಂಬ ಪದವಿಪತ್ರ ನೇತುಹಾಕಿದ ತಮಗೆ ಅರ್ಥವಾಗಲಿಲ್ಲವೇ? ನನ್ನ ಗಂಡ ಶ್ರಾವಣದಲ್ಲೇ ಈ ದೋಷವನ್ನು ಬರೆದು ಕೊಟ್ಟಿದ್ದರು. ‘ಡಿಸೈನ್ ಬದಲಿಸಿದರೆ ರಫ್ತಿನ ತಾರೀಕು ತಪ್ಪುತ್ತದೆ’ ಎಂದು ಅದೇ ಹಾಳೆಯ ಮೇಲೆ ಗೀಚಿ ಹಿಂದಿರುಗಿಸಿದಿರಿ. ಆ ಹಾಳೆ ಈಗ ನಮ್ಮ ದೇವರ ಗೂಡಿನಲ್ಲಿದೆ.

ಪ್ರತಿ ದಸರೆಗೂ ಅಲ್ಲಿ ಯಂತ್ರಪೂಜೆ, ಮನೆಯವರಿಗೂ ಕರೆ. ಪೂಜೆಯಾದ ಯಂತ್ರವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಮರುದಿನ ಹೂವು ತೆಗೆದು, ಒರೆಸಿ, ಆಮೇಲೆಯೇ ಸ್ವಿಚ್ಚು ಹಾಕುವುದು. ತಾವು ಹೇಳುವ ಮೂಢನಂಬಿಕೆ ಇದೇ ತಾನೇ? ಈ ಸಲ ಫಿರಂಗಿ ಕೊಳ್ಳುವ ದೇಶದವರು ಅದೇ ದಿನ ಬಂದಿದ್ದರು. ಅವರಿಗೆ ನಮ್ಮ ಸಂಸ್ಕೃತಿಯನ್ನೂ ತೋರಿಸಬೇಕು, ಫಿರಂಗಿಯನ್ನೂ ನಡೆಸಿ ತೋರಿಸಬೇಕು! ತಾವು ನಮ್ಮಿಬ್ಬರನ್ನೂ ಕರೆದುಕೊಂಡು ಒಳಗೆ ಹತ್ತಿ ನನ್ನ ತಟ್ಟೆಯಿಂದ ಎಣ್ಣೆ ಕಲಸಿದ ಕುಂಕುಮ ತೆಗೆದಿರಿ.

“ಸರ್, ಅಲ್ಲಿ ಬೇಡ, ಅದು ಕಣ್ಣು” ಎಂದರು ನನ್ನ ಗಂಡ.

“ಅರೇ ತಾರಾನಾಥ್, ಟೀಕೇ ಸೇ ಕಿಸೀ ಕೀ ಆಂಖ್ ಫೂಟ್‌ತೀ ಹೈ ಕ್ಯಾ?”, ಬೊಟ್ಟಿಟ್ಟರೆ ಯಾರದಾದರೂ ಕಣ್ಣು ಹೋಗುತ್ತದೆಯೇ ಎಂದು ನಕ್ಕು, ಹೆಬ್ಬೆರಳಿನಿಂದ ಗಾಜಿನ ತುಂಬ ಎಳೆದಿರಿ. ಇವರು ಒರೆಸಲು ಬಟ್ಟೆ ತೆಗೆದಾಗ “ಪೆಹಲೇ ಫೋಟೋ ಹೋನೇ ದೋ”, ಮೊದಲು ಫೋಟೋ ಆಗಲಿ ಎಂದಿರಿ. ಫೋಟೋ ಆಯಿತು. ಒರೆಸಲು ಬಿಡದೆ ಇವರನ್ನೂ ನನ್ನನ್ನೂ ಕೆಳಗಿಳಿಸಿ, ಭುಜಂಗನನ್ನು ಒಳಗೆ ಕೂರಿಸಿ ಯಂತ್ರ ಚಾಲೂ ಮಾಡಿಸಿದಿರಿ. ಅವನು ಮದ್ದಿಲ್ಲದ ಖಾಲಿ ಗುಂಡನ್ನು ಯಂತ್ರದ ತಟ್ಟೆಗೆ ಹೊಂದಿಸುತ್ತಿದ್ದ. ತೋಳು ಬಂತು. ಅವನ ಕೂಗನ್ನು ಯಂತ್ರದ ಸದ್ದೆಂದು ತಿಳಿದು ಅತಿಥಿಗಳು ಚಪ್ಪಾಳೆ ತಟ್ಟಿದರು. ತಾವೂ ತಟ್ಟಿದಿರಿ. ತಮಗಾದರೋ ಎರಡು ಕೈಗಳಿದ್ದವು.

ದೋಷ ತಿದ್ದಲು ಎರಡು ತಿಂಗಳು ಸಾಲದ ತಮಗೆ ವರದಿ ಬರೆಯಲು ಹನ್ನೆರಡು ದಿನ ಸಾಕಾಯಿತು. ನನ್ನ ಗಂಡ ತಪ್ಪೊಪ್ಪಿಗೆಗೆ ಸೈನ್ ಹಾಕಿದ್ದಾರೆ, ನಿಜ. ಹೇಗೆ ಹಾಕಿದರೆಂದು ಕೇಳಿ.

“ಸೈನ್ ಹಾಕಿ ಬಂದೆ ಮಾರಾಯ್ತಿ” ಎಂದರು, ಚಪ್ಪಲಿ ಬಿಡುತ್ತಾ.

“ಎಂತಕ್ಕೆ?”

“ಇಲ್ಲದಿದ್ರೆ ಭುಜಂಗನದ್ದೇ ತಪ್ಪು ಅಂತ ಬರೀತಾರಂತೆ. ಕೈಯೂ ಹೋಗಿ ಹೆಸರೂ ಹೋದ್ರೆ ಅವ ಬದುಕ್ತಾನಾ?”

“ಸಾಹೇಬ್ರ ತಪ್ಪು ಅಂತ ಬರೀಲಿಕ್ಕೆ ಅಲ್ಲಿ ಪೆನ್ನಿಲ್ವಾ?”

ಅವರು ಚಪ್ಪಲಿಯನ್ನು ಗೋಡೆಗೆ ಒತ್ತಿ ಜೋಡಿಸಿಟ್ಟರು. ಒಳ್ಳೆಯವರು, ಅಂಜುಬುರುಕರು, ಇಂಥವರು ಸಿಕ್ಕಿದ್ದು ತಮ್ಮ ಪುಣ್ಯ. ಸೋಮವಾರ ಅವರನ್ನು ಕೆಲಸದಿಂದ ತೆಗೆಯುವ ಸಭೆಯಂತೆ. ಇಪ್ಪತ್ತೇಳು ವರ್ಷ ಯಂತ್ರಗಳನ್ನು ಮಕ್ಕಳಂತೆ ಒರೆಸಿದವರು ‘ಗೆಳೆಯನ ಕೈ ತೆಗೆದವ’ ಎನ್ನಿಸಿಕೊಂಡು ಗೇಟು ದಾಟಬೇಕು.

ಆಸ್ಪತ್ರೆಯಿಂದ ಬಂದ ಭುಜಂಗನನ್ನು ನೋಡಲು ದಿವಾ ಎಂಬಲ್ಲಿರುವ ಅವನ ಮನೆಗೆ ಹೋಗಿದ್ದೆ. “ಅಕ್ಕ, ಇಪ್ಪತ್ತು ವರ್ಷ ಲೋಕಲ್ ಟ್ರೇನ್‌ನಲ್ಲಿ ನೇತಾಡಿದೆ. ಇನ್ನು ಅಪಂಗರ ಡಬ್ಬಿ, ಅಂಗವಿಕಲರದ್ದು, ಕೂತ್ಕೊಂಡೇ ಹೋಗ್ಬಹುದು” ಎಂದು ನಗಿಸಲು ನೋಡಿದ. ಅವನ ಹೆಂಡತಿ ಬಾಲಮ್ಮ ಗೋಡೆಗೆ ತಿರುಗಿ ಅನ್ನ ಕಲಸುತ್ತಿದ್ದಳು, ಅವನಿಗೆ ತಿನ್ನಿಸಲು.

ಅಂದ ಹಾಗೆ, ಕೊಳ್ಳುವ ದೇಶ ಮರಳುಗಾಡಂತೆ. ಅಲ್ಲಿ ಧೂಳಿಲ್ಲವೇ? ಧೂಳಿಗೆ ದಸರೆಯೇ ಆಗಬೇಕೆಂದಿಲ್ಲ, ತಟ್ಟೆ ಹಿಡಿಯುವವಳೂ ಬೇಕಾಗಿಲ್ಲ. ಅಲ್ಲಿ ಯಾರೋ ಒಬ್ಬನ ಕೈ ಹೋದಾಗ ಯಾರ ಗಂಡನ ಹೆಸರು ಬರೆಯುತ್ತೀರಿ?

ಆದ್ದರಿಂದ ಸೋಮವಾರದ ಸಭೆಗೆ ಮುಂಚೆ ಆ ವರದಿಯನ್ನು ಹಿಂತೆಗೆದುಕೊಳ್ಳಿ. ತಾವೇ ತೆಗೆಸಿದ ಫೋಟೋವನ್ನು ಸಭೆಯ ಮುಂದಿಡಿ. ಹೆಬ್ಬೆರಳು ಯಾರದೆಂದು ಎಲ್ಲರೂ ನೋಡಲಿ. ನನ್ನ ಸಾಕ್ಷಿಯನ್ನೂ ಬರೆದುಕೊಳ್ಳಿ. ಗಂಡ ಬೇಡವೆಂದರೂ ನಾನು ಬರುತ್ತೇನೆ.

ಈ ಪತ್ರವನ್ನು ಇಂದೇ ಗೇಟಿನಲ್ಲಿ ಕೊಟ್ಟು ಬರುತ್ತೇನೆ, ಉತ್ತರವನ್ನೂ ಅಂಚೆಗೆ ಹಾಕಬೇಡಿ. ನಾಳೆ ಹನ್ನೊಂದು ಗಂಟೆಗೆ ಅದನ್ನು ತರಲು ಭುಜಂಗನೇ ತಮ್ಮ ಕೋಣೆಗೆ ಬರುತ್ತಾನೆ. ಎಡಗೈ ಚಾಚಿದನೆಂದು ಅಗೌರವ ಎಣಿಸದೆ ಕೊಟ್ಟು ಕಳುಹಿಸಿ.

ಇಂತಿ,
ಆ ದಿನ ತಟ್ಟೆಯನ್ನು ಹಿಂದಕ್ಕೆಳೆಯದೆ ಸುಮ್ಮನೆ ನಿಂತ,
ಸ್ವರ್ಣಲತಾ ತಾರಾನಾಥ
ಡೊಂಬಿವಲಿ ಪೂರ್ವ