ಕಿಲೋದಲ್ಲಿ ತೂಗಿದ ಪೆಟ್ರೋಲ್

ಅಂಧೇರಿ ಪಶ್ಚಿಮ, ಮುಂಬಯಿ
ಗುರುವಾರ, 13 ನವೆಂಬರ್ 2025

ಪ್ರೀತಿಯ ಕೊರಗಪ್ಪಣ್ಣನಿಗೆ ತಂಗಿ ವಿನೋದಿನಿಯ ನಮಸ್ಕಾರ.

ನಿನ್ನ ಮೊಣಕಾಲು ಹೇಗಿದೆ? ವಾರಿಜತ್ತಿಗೆ ಕಾಯಿಸಿಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟ್ಲಿ ಕಪಾಟಿನಲ್ಲೇ ಕೂತಿದೆಯೋ? ಬಿಪಿ ಮಾತ್ರೆ ತಪ್ಪಿಸಬೇಡ. ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಮಲ್ಪೆಯ ಬೋಟುಗಳಲ್ಲಿ ಮೂವತ್ತು ವರ್ಷ ಎಂಜಿನ್ ಪಕ್ಕ ಕೂತು ನೀನು ಕಿವಿ ಕಳೆದುಕೊಂಡೆ. ನಿನ್ನೊಡನೆ ಫೋನಿನಲ್ಲಿ ಮಾತಾಡಿದರೆ ನಮ್ಮ ಚಾಳಿನ ಮನೆಮನೆಗೂ ಸುದ್ದಿ ಹಂಚಿದ ಹಾಗೆ. ವಾಟ್ಸಾಪ್ ಮಾಡಿದರೆ ನಿನಗಿಂತ ಮೊದಲು ನಿನ್ನ ಸೊಸೆ ಓದುತ್ತಾಳೆ. ಅದಕ್ಕೇ ಇದನ್ನು ಇವತ್ತು ಮಧ್ಯಾಹ್ನದ ಉಡುಪಿ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿನಗೆ ಸಿಗುತ್ತದೆ. ಚಾ ಕುಡಿದು ಸಾವಕಾಶ ಓದೋಣ ಎನ್ನಬೇಡ, ಸಿಕ್ಕ ಕೂಡಲೇ ಓದು.

ಗ್ರಾಂಟ್ ರೋಡಿನ ಹೋಟೆಲು ಮುಚ್ಚಿದ್ದು ನಿನಗೆ ಗೊತ್ತೇ ಇದೆ. ಕಟ್ಟಡ ಕೆಡವುತ್ತಾರೆಂದು ಶೆಟ್ರು ಬಾಗಿಲು ಎಳೆದು ಎಂಟು ತಿಂಗಳಾಯಿತು. ಇಪ್ಪತ್ತಾರು ವರ್ಷ ಅಡುಗೆಮನೆಯನ್ನೂ ಸ್ಟೋರನ್ನೂ ನೋಡಿಕೊಂಡ ನಿನ್ನ ಭಾವ ಆಮೇಲೆ ಬೈಕುಲ್ಲಾದಿಂದ ಅಂಧೇರಿಯವರೆಗೆ ಹತ್ತಿಳಿಯದ ಹೋಟೆಲಿಲ್ಲ. ಐವತ್ತಾರು ವರ್ಷ ಎಂದ ಕೂಡಲೇ ಎಲ್ಲರಿಗೂ ಒಂದೇ ಮಾತು, ಹೇಳಿ ಕಳಿಸುತ್ತೇವೆ. ಯಾರೂ ಹೇಳಿ ಕಳಿಸಲಿಲ್ಲ. ಮನೆಯಲ್ಲಿ ಕೂತವರು ಸುಮ್ಮನಿರಲಾರದೆ ಬೆಳಗಾದರೆ ಸಾಂಬಾರು ಮಾಡುತ್ತಾರೆ. ಕೈಗೆ ಹೋಟೆಲಿನ ಅಳತೆಯೇ ಹತ್ತಿಬಿಟ್ಟಿದೆ. ನಾನು, ಮಗಳು ವಿಜೇತಾ, ಇವರು, ಒಟ್ಟು ಮೂರು ಜನಕ್ಕೆ ಒಂದು ದೊಡ್ಡ ಪಾತ್ರೆ. ಉಳಿದದ್ದನ್ನು ನಾನು ಮನೆ ಮನೆಗೆ ಹಂಚಿ ಬರುತ್ತೇನೆ. ಮೊದಮೊದಲು ಎಲ್ಲರೂ ಹೊಗಳಿದರು, ಈಗ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಗು ಬರುತ್ತದೆ ಅಣ್ಣ, ಆದರೆ ಅವರು ಆ ಪಾತ್ರೆಯನ್ನು ಒಬ್ಬರೇ ಕೂತು ತಿಕ್ಕುವುದನ್ನು ನೋಡಿದರೆ ಆ ನಗು ನಿಂತುಬಿಡುತ್ತದೆ.

ಹೀಗಿರುವಾಗ ಕಳೆದ ತಿಂಗಳು ವರ್ಸೋವಾ ಬಂದರಿನ ಕಡೆ ಹೋದವರು ದೋಣಿಯೊಂದನ್ನು ನೋಡಿ ಬಂದರು. ಹಳೆಯ ಫೈಬರ್ ದೋಣಿ, ಹಿಂದೆ ಪೆಟ್ರೋಲಿನ ಔಟ್‌ಬೋರ್ಡ್ ಎಂಜಿನ್. ಅಂದು ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡರು. ನಾವು ಕಡಲಿನವರಲ್ಲವಾ, ಒಲೆಯ ಮುಂದೆ ಸಾಯಬೇಕಾ ಎಂದು ನನ್ನನ್ನೇ ಕೇಳಿದರು. ಕಡಲು ಬಿಟ್ಟು ಹೋಟೆಲು ಸೇರುವಾಗ ಇವರಿಗೆ ಹದಿನಾಲ್ಕು ವರ್ಷ, ಅಪ್ಪನ ದೋಣಿಯಲ್ಲಿ ನೀರು ಮೊಗೆದು ಹಾಕಿದ್ದಷ್ಟೇ ಅನುಭವ ಎಂದು ನಾಲಿಗೆಯ ತುದಿಗೆ ಬಂತು. ಅದರ ಬದಲು ಇನ್ನಷ್ಟು ಸಾರು ಬಡಿಸಿದೆ. ಜೊತೆಗೆ ಯಾರೂ ಬೇಡವಂತೆ, ಒಬ್ಬರೇ ಹೋಗಿ ಬರುತ್ತಾರಂತೆ. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ನೋಡಿದ್ದೆ ಅಣ್ಣ. ಬೇಡ ಎನ್ನಲು ಬಾಯಿ ಬರಲಿಲ್ಲ.

ಬಾಯಿ ಬರಲಿಲ್ಲ ನಿಜ, ಆದರೆ ತಲೆ ಓಡಿತು. ದೋಣಿ ಕೊಳ್ಳುವುದು ದೊಡ್ಡದಲ್ಲ, ಅದು ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎನ್ನುವುದೇ ದೊಡ್ಡದು ಎಂದು ನೀನೇ ಎಷ್ಟು ಸಲ ಹೇಳಿಲ್ಲ? ಗಂಟೆಗೆ ನಾಲ್ಕೂವರೆ ಲೀಟರ್, ಒಂದು ಹನಿ ಹೆಚ್ಚಿಲ್ಲ ಎಂದ ದೋಣಿಯ ಯಜಮಾನ. ಮಾರುವವನ ಮಾತು ಯಾರು ನಂಬುತ್ತಾರೆ? ನಾನು ಪರೀಕ್ಷೆ ಮಾಡಿಸಿದೆ. ಗ್ಯಾಸ್ ಸಿಲಿಂಡರ್ ತರುವವನು ಕಡಿಮೆ ಗ್ಯಾಸು ಕೊಟ್ಟಾನೆಂದು ನಾನು ಪ್ರತಿ ಸಲ ಅದನ್ನು ಮೂಲೆಯ ರದ್ದಿ ಅಂಗಡಿಯ ತಕ್ಕಡಿಗೆ ಏರಿಸುವುದು ಇಡೀ ಚಾಳಿಗೆ ಗೊತ್ತು. ಹಾಗೆಯೇ ಆ ಎಂಜಿನಿನ ಪೆಟ್ರೋಲ್ ಟ್ಯಾಂಕನ್ನೂ ರಿಕ್ಷಾದಲ್ಲಿ ತರಿಸಿ ತೂಗಿಸಿದೆ. ಹೋಗುವ ಮೊದಲು ಇಪ್ಪತ್ತು ಕಿಲೋ. ಎರಡು ಗಂಟೆ ಓಡಿಸಿ ತಂದಾಗ ಹನ್ನೊಂದು. ಎರಡು ಗಂಟೆಗೆ ಒಂಬತ್ತು, ಅಂದರೆ ಗಂಟೆಗೆ ನಾಲ್ಕೂವರೆ. ಯಜಮಾನ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ನಿನ್ನ ತಂಗಿ ಎಷ್ಟು ಬೀಗಿದಳು ಗೊತ್ತಾ? ಮೀನು ಸಿಗುವ ಜಾಗಕ್ಕೆ ಎರಡೂವರೆ ಗಂಟೆ, ಬರಲು ಅಷ್ಟೇ. ಹತ್ತು ಲೀಟರಿನ ಮೂರು ಕ್ಯಾನ್ ಒಯ್ದರೆ ಏಳೂವರೆ ಲೀಟರ್ ಮಿಗುತ್ತದೆ ಎಂದು ನಾನೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಇವರು ಅದನ್ನು ನೋಡಿದರು, ತಲೆಯಾಡಿಸಿದರು, ಮರುದಿನವೇ ಹೋಗಿ ಮುಂಗಡ ಹಣ ಕೊಟ್ಟು ಬಂದರು.

ನಿನ್ನೆ ಕ್ಯಾನ್ ತುಂಬಿಸಲು ನಾನೇ ಪಂಪಿಗೆ ಹೋದೆ. ಹತ್ತು ಲೀಟರ್ ಹಾಕಿಸಿ ಅಭ್ಯಾಸಬಲದಿಂದ ತಕ್ಕಡಿಗಿಟ್ಟರೆ, ಕ್ಯಾನಿನ ತೂಕ ಕಳೆದು ಏಳೂವರೆ ಕಿಲೋ ಕೂಡ ಇಲ್ಲ. ಮೈ ಉರಿದುಹೋಯಿತು. ಹಾಗೇ ವಾಪಸು ಹೋಗಿ ಕಳ್ಳರು, ಸುಳ್ಳರು ಎಂದು ಪಂಪಿನ ಮುಂದೆ ರಂಪ ಮಾಡಿದೆ. ಅಲ್ಲಿನ ಹೆಂಗಸು ಪಾಪ, ಐದು ಲೀಟರಿನ ಸರಕಾರಿ ಅಳತೆಪಾತ್ರೆ ತಂದು ನನ್ನ ಕಣ್ಣೆದುರೇ ಎರಡು ಸಲ ಸುರಿದು ತೋರಿಸಿದಳು. "ಮೌಶಿ, ಪೆಟ್ರೋಲ್ ಹಲ್ಕಾ ಹೋತಾ ಹೈ, ಲೀಟರ್ ಅಲಗ್, ಕಿಲೋ ಅಲಗ್" ಎಂದಳು. ಪೆಟ್ರೋಲ್ ಹಗುರ, ಲೀಟರೇ ಬೇರೆ ಕಿಲೋವೇ ಬೇರೆ ಅಂತ. ಗ್ಯಾಸು ಕಿಲೋದಲ್ಲಿ ಬರುತ್ತದೆ, ಪೆಟ್ರೋಲ್ ಲೀಟರಿನಲ್ಲಿ. ನಾನು ಕಿಲೋ ತೂಗಿ ಲೀಟರ್ ಎಂದು ಬರೆದಿದ್ದೆ. ಅಲ್ಲೇ ನಿಂತು ಮತ್ತೆ ಲೆಕ್ಕ ಹಾಕಿದೆ. ಎರಡು ಗಂಟೆಗೆ ಖರ್ಚಾದದ್ದು ಒಂಬತ್ತಲ್ಲ, ಹನ್ನೆರಡು ಲೀಟರ್. ಅದೂ ಖಾಲಿ ದೋಣಿಯಲ್ಲಿ, ಬಲೆಯಿಲ್ಲ, ಮಂಜುಗಡ್ಡೆಯಿಲ್ಲ. ಅಂದು ದೋಣಿ ಓಡಿಸಿದವರು ಹೋಗುವಾಗ ಇಳಿತದ ಜೊತೆ ಹೋಗಿ, ನಡುವೆ ಎಂಜಿನ್ ನಿಲ್ಲಿಸಿ ಕಾದು, ಉಬ್ಬರದ ಜೊತೆ ಬಂದಿದ್ದಾರೆ. ಎರಡೂ ಕಡೆ ನೀರೇ ದೂಡಿದೆ. ಮೀನುಗಾರನ ಮಗಳಾಗಿ ಅದನ್ನೂ ನಾನು ಕೇಳಲಿಲ್ಲ. ಭಾರ ಹೇರಿದರೆ ಗಂಟೆಗೆ ಎಂಟಾದರೂ ಬೇಕು, ಅಲ್ಲವಾ? ಮೂವತ್ತು ಲೀಟರ್ ಒಯ್ದವರು ಬರುವ ದಾರಿಯ ಅರ್ಧದಲ್ಲಿ ನಿಲ್ಲುತ್ತಾರೆ. ಒಬ್ಬರೇ.

ಅಣ್ಣ, ನಿನ್ನೆಯಿಂದ ಆ ಲೆಕ್ಕವನ್ನೇ ಮತ್ತೆ ಮತ್ತೆ ಹಾಕುತ್ತಿದ್ದೇನೆ. ಭಾನುವಾರ ಉಳಿದ ಹಣ ಕೊಟ್ಟು, ಸೋಮವಾರ ಬೆಳಿಗ್ಗೆ ಮೊದಲ ಸಲ ಹೋಗುತ್ತಾರೆ. ನನ್ನ ಲೆಕ್ಕ ತಪ್ಪಿತು ಎಂದು ಹೇಳಿಬಿಡಬೇಕು, ಹೇಳದೆ ಬೇರೆ ದಾರಿಯಿಲ್ಲ. ಆದರೆ ಹೇಳಿದ ಮೇಲೆ ಆ ಮುಖವನ್ನು ನಾನು ಹೇಗೆ ನೋಡಲಿ? ಒಂದು ಉಪಕಾರ ಮಾಡು. ಶನಿವಾರದೊಳಗೆ ಬಾ. ನಿನಗೆ ಕಿವಿ ಕೇಳದಿದ್ದರೂ ಎಂಜಿನಿನ ಮೇಲೆ ಕೈಯಿಟ್ಟು ಅದರ ರೋಗ ಹೇಳುತ್ತೀ. ರೋಗ ಇರಲಿ, ಇಲ್ಲದಿರಲಿ, ಈ ಎಂಜಿನ್ ಬೇಡ ಭಾವ ಎಂದುಬಿಡು. ನಿನ್ನ ಮಾತಿಗೆ ಅವರು ಎದುರಾಡುವುದಿಲ್ಲ. ತಪ್ಪು ಎಂಜಿನಿನದ್ದಾಗಲಿ, ಅವರದ್ದೂ ಬೇಡ, ನನ್ನದೂ ಬೇಡ. ಸುಳ್ಳಿನ ಪಾಪ ನನಗೇ ಬರಲಿ.

ವಾರಿಜತ್ತಿಗೆಗೆ ನಮಸ್ಕಾರ, ಮೊಮ್ಮಗುವಿಗೆ ನನ್ನ ಮುತ್ತು. ಬರುವಾಗ ಒಣಮೀನು ಗೀನು ಎಂದು ಹೊರೆ ಹೊತ್ತು ತರಬೇಡ, ನೀನೊಬ್ಬ ಬಂದರೆ ಸಾಕು.

ನಿನ್ನ ತಂಗಿ,
ವಿನೋದಿನಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಇವರಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ನಕ್ಕರು. "ಹದಿನೈದು ಲೀಟರಿನ ಎಣ್ಣೆ ಡಬ್ಬ ಬೇರೆ, ಹದಿನೈದು ಕಿಲೋದ್ದು ಬೇರೆ. ಇಷ್ಟು ವರ್ಷ ಸ್ಟೋರಿನ ಬೀಗದ ಕೈ ಇಟ್ಟುಕೊಂಡವನಿಗೆ ಅಷ್ಟೂ ಗೊತ್ತಿಲ್ವಾ ಮಾರಾಯ್ತಿ? ನೀನು ತೂಗಿದ ದಿನವೇ ಗೊತ್ತಿತ್ತು" ಎಂದರು. ಹಾಗಾದರೆ ಬರುವಾಗ ಸಾಲುವುದಿಲ್ಲವಲ್ಲ ಎಂದು ಕೇಳಿದೆ. "ಬರುವಾಗಿನ ಲೆಕ್ಕ ನಿನಗೆ ಎಂತಕ್ಕೆ?" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ವಿಜೇತಾಳನ್ನು ಹಿಂದೆ ಕಳಿಸಿದ್ದೇನೆ, ಅಪ್ಪನ ಮೇಲಿಂದ ಕಣ್ಣು ತೆಗೆಯಬೇಡ ಎಂದಿದ್ದೇನೆ. ಅಣ್ಣ, ಎಂಜಿನಿನ ಮಾತು ಬಿಡು. ಬಂದು ಇವರನ್ನು ಕೆಲವು ದಿನ ಮಲ್ಪೆಗೆ ನಿನ್ನ ಜೊತೆ ಕರೆದುಕೊಂಡು ಹೋಗು. ಶನಿವಾರದವರೆಗೆ ಕಾಯಬೇಡ, ಕಾಗದ ಓದಿದ ಕೂಡಲೇ ಹೊರಡು. ರೈಲಿನಲ್ಲಿ ಸೀಟು ಸಿಗದಿದ್ದರೆ ನಿಂತುಕೊಂಡಾದರೂ ಬಾ.