ಅಳಿಸಿದ ಆಟ

17 ಆಗಸ್ಟ್ 2003, ಭಾನುವಾರ
ಸ್ಯಾಟಲೈಟ್ ಬಡಾವಣೆ, ಅಹಮದಾಬಾದ್

ಪಕ್ಕದ ಕೋಣೆಯ ಗುರುಕಿರಣನಿಗೆ ಇವತ್ತೂ ನಿಜ ಹೇಳಲಿಲ್ಲ.

ಅವನು ಸೂರತ್‌ಗೆ ಹೋಗಿದ್ದಾಗ ಅವನ ವಿಡಿಯೋ ಗೇಮ್ ಹಾಕಿಕೊಂಡು ಕೂತೆ. ಬರೀ ಕೊಲ್ಲುವ ಆಟ ಎಂದು ಮೂಗು ಮುರಿದವನೂ ನಾನೇ. ಜಪಾನಿಯಿಂದ ಅನುವಾದಿಸಿದ ಅದರ ಒರಟು ಇಂಗ್ಲಿಷ್ ಓದುವುದು ನನ್ನ ನೆಪ. ಹೆಣಗಳು ಎದ್ದು ಬರುವ ಆಸ್ಪತ್ರೆ, ಬಂದೂಕಿನಲ್ಲಿ ಮೂರೇ ಗುಂಡು, ಕಾಣಬೇಕಾದಾಗಲೇ ಗೋಡೆಗೆ ತಿರುಗುವ ಕ್ಯಾಮೆರಾ. ಒಂದೇ ಕಾರಿಡಾರಿನಲ್ಲಿ ಒಂಬತ್ತು ಸಲ ಸತ್ತೆ. ಹತ್ತನೆಯ ಸಲ ದಾಟಿದ ಹೆಮ್ಮೆಯಲ್ಲಿ ಸೇವ್ ಒತ್ತಿದೆ. ಆಟ ಉಳಿಸಿಡುವ ಮೆಮೊರಿ ಕಾರ್ಡಿನಲ್ಲಿ ಇದ್ದದ್ದು ಒಂದೇ ಜಾಗ. ಅವನ ಎರಡು ತಿಂಗಳ ಆಟ ಅಳಿಸಿಹೋಯಿತು. ಅಲ್ಲ, ನಾನು ಅಳಿಸಿದೆ.

"ಕಾರ್ಡೇ ಡೂಪ್ಲಿಕೇಟ್ ಸಾರ್. ನೀವಂತೂ ಇದನ್ನ ಮುಟ್ಟೋರಲ್ಲ," ಎಂದ, ವಾಪಸು ಬಂದ ಗುರುಕಿರಣ. ಹೌದೆಂದು ತಲೆಯಾಡಿಸಿದೆ.

"ನಾಳೆ ಕಾರ್ಡ್ ವಾಪಸ್ ಕೊಡೋಕೆ ಅಂಗಡಿಗೆ ನೀವೂ ಬನ್ನಿ. ನನ್ನ ಹಿಂದಿ ಕೇಳಿದ್ರೆ ಆ ಅಂಗಡಿ ಕಾಕಾ ನಗ್ತಾನೆ. ನಿಮ್ಮ ಗುಜರಾತಿಗೆ ಮರ್ಯಾದೆ ಕೊಡ್ತಾನೆ."

ಬರುತ್ತೇನೆ ಎಂದುಬಿಟ್ಟೆ.

ಕಾರ್ಡು ಕೊಡುವ ಮುಂಚೆ ಆ ಮುದುಕ ನಮ್ಮೆದುರೇ ಅದನ್ನು ಹಾಕಿ, ಪರೀಕ್ಷಿಸಿ ತೋರಿಸಿದ್ದ. ಅವನಿಗೆ ಹೇಳಬೇಕಾದ ಗುಜರಾತಿ ವಾಕ್ಯವನ್ನು ಊಟವಾದಾಗಿನಿಂದ ತಿದ್ದುತ್ತಿದ್ದೇನೆ. ಎಷ್ಟು ವಿನಯದಿಂದ ಕಟ್ಟಿದರೂ ಅದರಲ್ಲಿ ಅವನೇ ಕಳ್ಳನಾಗುತ್ತಾನೆ.